ನಾಣಿಯ ಚಡ್ಡಿ ಪ್ರಕರಣ

ನನ್ನ ಮೊಮ್ಮಗನ ಮೇಲೆ ದೂರು ಹೇಳಿದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಆದರೆ ಶಿಶುವಿಹಾರದ ಆಯಾ ರಾಮಕ್ಕ ತಂದ ದೂರು ಕೇಳಿ ನನ್ನ ಬಾಯಿಯೇ ಕಟ್ಟಿಹೋಯಿತು. ಮೂರು ವರ್ಷದ ನಾಣಿ ದಿನಾ ಊಟದ ಗಂಟೆ ಹೊಡೆದ ತಕ್ಷಣ ಅಂಗಿ, ಚಡ್ಡಿ ಎಲ್ಲ ಕಿತ್ತೆಸೆದು ಬತ್ತಲೆ ನಿಲ್ಲುತ್ತಾನಂತೆ!

"ಬೇರೆ ಮಕ್ಳೂ ಶುರು ಹಚ್ಕೊಂಡವೆ ಕಣಮ್ಮ," ಎಂದಳು ರಾಮಕ್ಕ. "ನೆನ್ನೆ ಇನ್ನೂ ಮೂರ್ನಾಕು ಮಕ್ಳು ಬಿಚ್ಚಾಕಿದ್ವು. ಇನ್ನೊಂದ್ ದಿನ ಹಿಂಗಾದ್ರೆ ಹೆಸರು ತೆಗೀತೀನಿ ಅಂತ ಮಿಸ್ ಹೇಳವ್ರೆ."

ಹೆಸರು ತೆಗೆದರೆ ಗತಿ? ನನ್ನ ಸೊಸೆ ಪಂಕಜಾ ಟೆಲಿಫೋನ್ ಕಚೇರಿಯಲ್ಲಿ ಟ್ರಂಕ್‌ಕಾಲ್ ಕೂಡಿಸುವ ಕೆಲಸದಲ್ಲಿದ್ದಳು. ಮಗು ಮನೆಯಲ್ಲಿ ಉಳಿದರೆ ಅವಳು ಕೆಲಸ ಬಿಡಬೇಕು. ಅವನನ್ನು ಹಿಡಿಯುವುದು ನನ್ನ ಕೈಯಲ್ಲಿ ಆಗದ ಮಾತು. ರಾಜಾಜಿನಗರದ ರಸ್ತೆಗೆ ಅವನು ಓಡಿದರೆ ಹಿಂದೆ ಓಡಲು ನನ್ನ ಮಂಡಿ ಒಪ್ಪಬೇಕಲ್ಲ! ಆ ಸಂಜೆ ಪಂಕಜಾ ಕಾಫಿಯನ್ನೂ ಮುಟ್ಟದೆ ಕಣ್ಣೀರು ಹಾಕುತ್ತ ಕೂತಳು. ಹಟ ಹಿಡಿದು ಗಿಟ್ಟಿಸಿಕೊಂಡ ಕೆಲಸ ಅದು. ಅವಳನ್ನು ನೋಡಿ ನನಗೆ ಸಂಕಟವಾಯಿತು.

"ಅಳ್ಬೇಡ ಕಣೇ," ಎಂದೆ. "ನಾಳೆ ನಾನೇ ಹೋಗಿ ನೋಡ್ತೀನಿ. ಆ ಮಿಸ್ಸೇ ಏನೋ ಹೆದರ್ಸಿರ್ಬೇಕು ಮಗೂನ."

ಮಾರನೆಯ ದಿನ ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಶಿಶುವಿಹಾರವೆಂದರೆ ಒಂದು ಬಾಡಿಗೆ ಮನೆಯ ಹಜಾರ, ಹಿತ್ತಿಲಲ್ಲಿ ಒಂದಿಷ್ಟು ಮರಳು. ಮಿಸ್ ಗಿರಿಜಾದೇವಿ ದಾವಣಗೆರೆ ಕಡೆಯವರು, ನಗುಮುಖದ ಹುಡುಗಿ. "ನಾಣಿಗೆ ಕಾಣದ ಹಾಗೆ ಕೂತ್ಕೊಳ್ಳಿ ಅಮ್ಮ," ಎಂದು ಕಿಟಕಿಯ ಹೊರಗೆ ನನಗೊಂದು ಸ್ಟೂಲು ಹಾಕಿಸಿದರು. ಜಗಳಕ್ಕೆ ಬಂದವಳಿಗೆ ಸ್ಟೂಲು ಕೊಟ್ಟರೆ ಜಗಳ ಎಲ್ಲಿಂದ ಶುರು ಮಾಡುವುದು!

ನಾಣಿ ಪ್ರಾರ್ಥನೆಗೆ ಕೈಮುಗಿದ, ಕಣ್ಣು ಮಾತ್ರ ಒಂದೇ ಮುಚ್ಚಿದ. ಎಲ್ಲರೂ ಹಾಡು ಮುಗಿಸಿದ ಮೇಲೆ ತಾನೊಬ್ಬನೇ ಇನ್ನೊಂದು ಸಲ ಕಿರುಚಿದ. ಬಳಪ ತಿಂದ. ಪಕ್ಕದ ಹುಡುಗಿಯ ಸ್ಲೇಟಿಗೆ ಉಗುಳು ಹಚ್ಚಿ ತನ್ನ ಅಂಗಿಯಿಂದಲೇ ಒರೆಸಿಕೊಟ್ಟ. ಮರಳಿನಲ್ಲಿ ಕಾಲು ಹೂತುಕೊಂಡು, "ನಂಗೆ ಕಾಲಿಲ್ಲ," ಎಂದು ಸಾರಿದ. ಎಲ್ಲ ನಮ್ಮ ಮನೆಯ ನಾಣಿಯೇ. ಹೆದರಿದ ಮಗುವಿನ ಲಕ್ಷಣ ಒಂದೂ ಇರಲಿಲ್ಲ.

ಗಂಟೆ ಹೊಡೆಯಿತು. ಗಿರಿಜಾದೇವಿ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಿಕ್ಕ ಮಕ್ಕಳಿಗೆ ಮೊಸರನ್ನ ಕಲಸಿ ಕೊಡಲು ಕೂತರು. ನಾಣಿ ಎದ್ದ. ಗುಂಡಿ ಬಿಚ್ಚಿದ, ಅಂಗಿ ಎಸೆದ, ಚಡ್ಡಿ ಜಾರಿಸಿದ. ಮೈಮೇಲೆ ಉಳಿದದ್ದು ಉಡಿದಾರವೊಂದೇ. ಹಾಗೇ ಮಿಸ್ಸಿನ ಮುಂದೆ ಹೋಗಿ ಎರಡೂ ಕೈ ಮೇಲೆತ್ತಿ ನಿಂತ.

"ಮತ್ತೆ ಶುರುವಾಯ್ತಾ! ಹಾಕ್ಕೋ ಮೊದ್ಲು!" ಎಂದು ಮಿಸ್ ಗದರಿದರು. ನಾಣಿಯ ತುಟಿ ಅದುರಿತು. ಕೈ ಮಾತ್ರ ಕೆಳಗಿಳಿಸಲಿಲ್ಲ.

ನನಗೆ ತಟ್ಟನೆ ಹೊಳೆಯಿತು. ಬೆಳಿಗ್ಗೆ ಸ್ನಾನ ಮಾಡಿ ಮಡಿ ಉಟ್ಟರೆ ಅಡುಗೆ, ಪೂಜೆ, ಊಟ ಮುಗಿಯುವ ತನಕ ಮೈಲಿಗೆ ಬಟ್ಟೆ ತೊಟ್ಟವರು ನನ್ನನ್ನು ಮುಟ್ಟುವ ಹಾಗಿಲ್ಲ. ಬತ್ತಲೆ ಮಗುವಿಗೆ ಮಾತ್ರ ಮೈಲಿಗೆಯಿಲ್ಲ. ನಡೆಯಲು ಕಲಿತಾಗಿನಿಂದ ನಾಣಿ ನನ್ನ ತೊಡೆ ಬೇಕೆಂದರೆ ಅಡುಗೆಮನೆಯ ಹೊಸಿಲಲ್ಲಿ ಎಲ್ಲ ಬಿಚ್ಚಿ ಕೈ ಎತ್ತುತ್ತಿದ್ದ. ಅನ್ನ ಕಲಸುವ ಹೆಂಗಸು ಬಟ್ಟೆ ತೊಟ್ಟ ಮಗುವನ್ನು ಎತ್ತಿಕೊಳ್ಳುವುದೇ ಇಲ್ಲ ಎಂದು ಪಾಪ, ಮಗು ತಿಳಿದುಬಿಟ್ಟಿತ್ತು.

ಒಳಗೆ ಹೋಗಿ ಹೇಳಿದೆ. ಗಿರಿಜಾದೇವಿ ನಗು ತಡೆಯಲಾರದೆ ನಾಣಿಯನ್ನು ಬಾಚಿ ಎತ್ತಿಕೊಂಡರು. "ಇಲ್ಲಿ ಚಡ್ಡಿ ಹಾಕ್ಕೊಂಡ್ರೂ ಎತ್ಕೋತೀವಿ ಕಣೋ," ಎಂದರು. ಅವನು ನನ್ನ ಮುಖ ನೋಡಿದ. ನಂಬಲಿಲ್ಲ.

"ನಾನು ಹೇಳಿದ್ರೆ ಆಗಲ್ಲ ಅಮ್ಮ. ಮನೇಲಿ ನೀವೇ ಎತ್ಕೊಂಡು ತೋರಿಸ್ಬೇಕು," ಎಂದರು ಮಿಸ್.

"ಮಡಿ ಬಿಡಿ ಅಂತೀರೇನ್ರೀ? ಮದುವೆಯಾಗಿ ಬಂದಾಗಿಂದ ಹಿಡಿದಿರೋದು!" ಎಂದು ಗುಡುಗಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಇದ್ದೆ. ಶಿಶುವಿಹಾರಕ್ಕೆ ಹೊರಟ ನಾಣಿ ಹೊಸಿಲಿಗೆ ಬಂದು, ಎಂದಿನಂತೆ ಗುಂಡಿಗೆ ಕೈ ಹಾಕಿದ. ಅವನ ಹಿಂದೆ ಪಂಕಜಾ ನಿಂತಿದ್ದಳು.

"ಬಿಚ್ಬೇಡ್ವೋ. ಹಾಗೇ ಬಾ," ಎಂದೆ.

ಅವನು ಅಲ್ಲಾಡಲಿಲ್ಲ. ನಾನೇ ಎದ್ದು ಹೋಗಿ ಅಂಗಿ ಚಡ್ಡಿ ಸಮೇತ ಎತ್ತಿಕೊಂಡೆ. ಕತ್ತಿಗೆ ಬಿಗಿಯಾಗಿ ಜೋತುಬಿದ್ದವನು ಕಿವಿಯಲ್ಲಿ, "ಅಜ್ಜಿ, ನೀನು ಮೈಲಿಗೆ ಆದೆ. ಸೀರೆ ಬಿಚ್ಚು," ಎಂದ. ಪಂಕಜಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನಾನು ಇನ್ನೊಂದು ಸಲ ಸ್ನಾನ ಮಾಡಿದೆ, ಬಿಡಿ.

ಮಧ್ಯಾಹ್ನ ನಾಣಿಯನ್ನು ಕರೆತಂದ ರಾಮಕ್ಕ ಗೇಟಿನಿಂದಲೇ ಕೂಗಿದಳು, "ಇವತ್ತು ಬಿಚ್ಲಿಲ್ಲ ಕಣಮ್ಮೋ! ಚಡ್ಡಿ ಹಾಕ್ಕೊಂಡೇ ಮಿಸ್ ತೊಡೆ ಮೇಲೆ ಕೂತು ಉಂಡ!"

ಸದ್ಯ, ಪಂಕಜಾಳ ಕೆಲಸ ಉಳಿಯಿತು. ನನ್ನ ಊಟ ಇನ್ನೂ ಆಗಿರಲಿಲ್ಲ, ಮಡಿಯಲ್ಲೇ ಇದ್ದೆ. ನಾಣಿ ಮರಳು ಮೆತ್ತಿದ ಚಡ್ಡಿಯಲ್ಲಿ ಹಜಾರ ದಾಟಿ, ಹೊಸಿಲಲ್ಲೂ ನಿಲ್ಲದೆ ಓಡಿ ಬಂದು ನನ್ನ ಮೇಲೆ ಬಿದ್ದ. ನನ್ನ ಅಡುಗೆಮನೆಗೆ ಆ ಮಗು ಓಡಿ ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಪ್ರತಿ ಸಲವೂ ನಿಂತು, ಗುಂಡಿ ಬಿಚ್ಚಿಯೇ ಬರುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಯಾಕಜ್ಜಿ, ಮೈಲಿಗೆ ಆಯ್ತಾ?" ಎಂದು ಕೇಳಿದ.

"ಆಗ್ಲಿ ಬಿಡೋ ಮುಂಡೇದೆ," ಎಂದೆ.