ಕಾರ್ಬನ್ ಹಾಕಿದ ಮೇಲೆ

ನಮ್ಮ ಕನ್ನಡಕದ ಅಂಗಡಿಗೆ ಎರಡು ಕೋಣೆ. ಮುಂದಿನದರಲ್ಲಿ ಗಲ್ಲಾದ ಹಿಂದೆ ಮಾವ, ಹಿಂದಿನದರಲ್ಲಿ ಲೆನ್ಸ್ ಉಜ್ಜುವ ಯಂತ್ರದ ಮುಂದೆ ನಾನು. ನನ್ನ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಹೋಗಬೇಕೆಂದರೆ ಮಾವನ ಮುಂದೆಯೇ ಹಾಯಬೇಕು, ಹಾಯ್ದರೆ “ಎಲ್ಲಿಗಮ್ಮಾ?” ತಪ್ಪಿದ್ದಲ್ಲ. ನನ್ನ ಗಂಡನಿಗೆ ಈ ತಾಪತ್ರಯವಿಲ್ಲ. ಆರ್ಡರ್ ಹಿಡಿಯುವ ನೆಪದಲ್ಲಿ ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಮಾಯವಾಗುತ್ತಾನೆ.

ಎರಡು ಕೋಣೆಗಳ ನಡುವಿನ ಗೋಡೆಯಲ್ಲೊಂದು ಕಿಂಡಿ. ಅದರಲ್ಲಿ ಅತ್ತೆ ಬಿಟ್ಟುಹೋದ ಉಪ್ಪುನೀರಿನ ಪುಟ್ಟ ಅಕ್ವೇರಿಯಂ: ಒಂದು ಕಿತ್ತಳೆ ಬಣ್ಣದ ಮೀನು, ನಾಲ್ಕು ಕಲ್ಲು. ಅತ್ತೆ ತೀರಿಕೊಂಡ ಮೇಲೆ ಅದರ ಚಾಕರಿ ನನ್ನ ಕೊರಳಿಗೆ ಬಿತ್ತು. ಆರಿದಷ್ಟು ಸಿಹಿನೀರು ಸುರಿಯುತ್ತಿದ್ದೆ, ಅಂಚಿಗೆ ಕಟ್ಟಿದ ಉಪ್ಪು ಒರೆಸುತ್ತಿದ್ದೆ, ಅಷ್ಟೇ. ನೀರು ಕರಿದ ಎಣ್ಣೆಯ ಬಣ್ಣಕ್ಕೆ ತಿರುಗಿತ್ತು. ಗಾಜಿಗೆ ಪಾಚಿ ಹತ್ತಿತ್ತು.

ಆ ಮಬ್ಬು ನನಗೆ ಬೇಕಾಗಿತ್ತು. ಊಟವಾದ ಮೇಲೆ ಯಂತ್ರವನ್ನು ಸುಮ್ಮನೆ ತಿರುಗಲು ಬಿಟ್ಟು, ಸ್ಟೂಲಿನ ಮೇಲೆ ಕಾಲು ಚಾಚಿ ಕೂರುತ್ತಿದ್ದೆ. ಏನೂ ಮಾಡುತ್ತಿರಲಿಲ್ಲ. ದಿನವಿಡೀ ನನ್ನನ್ನು ಯಾರೂ ನೋಡದ ಹೊತ್ತು ಅದೊಂದೇ.

ಅದನ್ನು ಹಾಳುಮಾಡಿಕೊಂಡವಳೂ ನಾನೇ. ಗಿರಾಕಿಯೊಬ್ಬಳು ಮೂಗು ಮುಚ್ಚಿಕೊಂಡು “ಇದೇನ್ರೀ ವಾಸನೆ?” ಅಂದಳು. “ನಮ್ಮ ಸೊಸೆ ನೋಡ್ಕೊಳ್ಳೋದು” ಅಂದರು ಮಾವ. ನನಗೆ ಮೈ ಉರಿಯಿತು. ನೆಟ್ಟಗೆ ಅಕ್ವೇರಿಯಂ ಅಂಗಡಿಗೆ ಹೋದೆ.

“ಈ ಕಾರ್ಬನ್ ಹಾಕಿ ಅಕ್ಕಾ, ಇದ್ದಿಲಿನ ಹರಳು. ಹಳದಿ ಬಣ್ಣ, ವಾಸನೆ ಎರಡನ್ನೂ ಎಳ್ಕೊಳ್ಳುತ್ತೆ, ಉಪ್ಪನ್ನ ಮುಟ್ಟಲ್ಲ” ಅಂದ ಅಂಗಡಿಯವನು. “ಚೆನ್ನಾಗಿ ತೊಳೆದು, ಜಾಲರಿ ಚೀಲದಲ್ಲಿ ಕಟ್ಟಿ, ಫಿಲ್ಟರ್ ನೀರು ಹರಿಯೋ ಕಡೆ ಇಡಿ. ಕೆಲವು ವಾರಕ್ಕೆ ಅದರ ಹೊಟ್ಟೆ ತುಂಬುತ್ತೆ, ಆಮೇಲೆ ಬದಲಾಯಿಸಿ.”

ಹಟಕ್ಕೆ ಬಿದ್ದು ಗಾಜಿನ ಪಾಚಿಯನ್ನೂ ಕೆರೆದೆ. ಎರಡೇ ದಿನಕ್ಕೆ ನೀರು ಇದೆಯೋ ಇಲ್ಲವೋ ಎಂಬಷ್ಟು ತಿಳಿಯಾಯಿತು. ಸೊಂಟದ ಮೇಲೆ ಕೈಯಿಟ್ಟು ಬೀಗಿದೆ. ಊಟ ಮುಗಿಸಿ ಕಾಲು ಚಾಚಿದಾಗ, ಮೀನಿನ ಹಿಂದೆ ಮಾವನ ಮುಖ ಕಂಡಿತು. ಕನ್ನಡಕ ಹಣೆಗೇರಿಸಿ, ಬಗ್ಗಿ ನನ್ನನ್ನೇ ನೋಡುತ್ತಿದ್ದರು. ಕೈ ಬೀಸಿದರು. ನಾನು ಕಾಲು ಇಳಿಸಿದೆ.

ಅಂದಿನಿಂದ ಅವರ ಕುರ್ಚಿ ಕಿಂಡಿಯ ಕಡೆ ತಿರುಗಿತು. ಯಂತ್ರ ನಿಂತರೆ ಅವರ ಹುಬ್ಬು ಏರುತ್ತದೆ. ಆಕಳಿಸಿದರೆ ಸಂಜೆ “ನಿದ್ದೆ ಸಾಲದಾ?” ಎಂಬ ವಿಚಾರಣೆ. ಬೆನ್ನು ತಿರುಗಿಸಿ ಕೂತರೆ ಗಾಜು ತಟ್ಟುತ್ತಾರೆ. ಮೀನೂ ನಾನೂ ಒಟ್ಟಿಗೇ ಬೆಚ್ಚುತ್ತೇವೆ.

ಕಾರ್ಬನ್ನಿನ ಹೊಟ್ಟೆ ತುಂಬಲಿ ಎಂದು ಕಾದೆ. ಚೀಲ ಮುಟ್ಟಲಿಲ್ಲ, ಗಾಜು ಒರೆಸಲಿಲ್ಲ. ವಾರಗಳು ಕಳೆದಂತೆ ಹಳದಿ ಮೆಲ್ಲಗೆ ಮರಳಿತು, ಪಾಚಿಯೂ ಬಂತು. ಕೊನೆಗೊಂದು ಮಧ್ಯಾಹ್ನ ಮಾವನ ಮುಖ ಬರೀ ನೆರಳಾಗಿತ್ತು. ಕಾಲು ಚಾಚಿ ಕಣ್ಣು ಮುಚ್ಚಿದೆ.

ಬಾಗಿಲು ಸದ್ದಾಯಿತು. ಮಾವ ದೊಡ್ಡದೊಂದು ಡಬ್ಬ ಎದೆಗವಚಿಕೊಂಡು ನಿಂತಿದ್ದರು.

“ಕಾರ್ಬನ್ ಬದಲಾಯಿಸಬೇಕಂತಲ್ಲ, ನಾನೇ ಹೋಗಿ ತಂದೆ.”

“ಅಲ್ಲಿಡಿ ಮಾವ, ನಾಳೆ ಹಾಕ್ತೀನಿ.”

ಅವರು ಇಡಲಿಲ್ಲ. “ನಿಮ್ಮತ್ತೆ ಹೋದ್ಮೇಲೆ ಆ ಕುರ್ಚೀಲಿ ಕೂತ್ರೆ ಹೊತ್ತೇ ಹೋಗ್ತಿರಲಿಲ್ಲ. ಈಗ ನೀನು ಕಾಣ್ತೀಯ. ಒಬ್ಬನೇ ಇದ್ದೀನಿ ಅನ್ಸಲ್ಲಮ್ಮಾ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಳು ಬಂತು, ಸಿಟ್ಟಿನ ಅಳು. ಡಬ್ಬ ಇಸಿದುಕೊಂಡೆ.

ನಲ್ಲಿಯಡಿ ಒಂದು ಹಿಡಿ ತೊಳೆದೆ. ಕರಿನೀರು ಹೋಗುವವರೆಗೆ ತೊಳೆಯಬೇಕು. ಎಷ್ಟು ನಿಧಾನಿಸಿದರೂ ಅದು ಹೋಗಿಯೇಬಿಟ್ಟಿತು. ಚೀಲ ಇಳಿಬಿಟ್ಟು ಗಾಜಿನ ಪಾಚಿ ಕೆರೆದೆ. ಆ ಕಡೆ ಮಾವ ಆಗಲೇ ಬಂದು ಕೂತಿದ್ದರು. ಕೈ ಬೀಸಿದರು. ನಾನೂ ಬೀಸಿದೆ.

ಮುಚ್ಚಳ ಹಾಕುವಾಗ ನೋಡಿದೆ, ಡಬ್ಬ ಇನ್ನೂ ತುಂಬಿಯೇ ಇತ್ತು.