ಫೆಸ್ ಪೇಟೆಯಲ್ಲಿ ವಿನೋದಾ ನಿಂತುಬಿಟ್ಟಳು

ಸಿಡ್ನಿಯ ಗಿರಾವೀನ್ ಬಡಾವಣೆಯ ವಿನೋದಾ, ಸೇಸಪ್ಪ ದಂಪತಿಗೆ ೨೦೦೭ರಲ್ಲಿ ಮೊರಾಕ್ಕೊ ನೋಡುವ ಆಸೆಯಾಯಿತು. ಟಿಕೆಟ್ ಬುಕ್ ಆಯಿತು. ಆದರೆ ಟ್ರಾವೆಲ್ ಇನ್ಶೂರೆನ್ಸ್ ಮಾತೆತ್ತಿದರೆ ಸೇಸಪ್ಪ ಮುಖ ತಿರುಗಿಸುತ್ತಿದ್ದರು. ಉಡುಪಿಯಿಂದ ಬಂದು ಸಿಡ್ನಿಯಲ್ಲಿ ಟ್ರಕ್ ಓಡಿಸಿದವನಿಗೆ ಯಾರ ಬುದ್ಧಿವಾದವೂ ಬೇಡ ಎಂಬುದು ಅವರ ವಾದ.

ವಿನೋದಾ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿದ್ದ ಗೆಳತಿ ಅನಸೂಯಕ್ಕನಿಗೆ ಫೋನ್ ಮಾಡಿದಳು. ಹಿಂದಿನ ವರ್ಷವಷ್ಟೇ ಅವರು ಮೊರಾಕ್ಕೊಗೆ ಹೋಗಿ ಬಂದಿದ್ದರು. ಊರು ಚೆಂದ, ಜನ ಒಳ್ಳೆಯವರು ಎಂದರು. ಇನ್ಶೂರೆನ್ಸ್ ಮಾಡಿಸಲು, ಪಾಸ್‌ಪೋರ್ಟನ್ನು ಹೋಟೆಲಿನ ಲಾಕರ್‌ನಲ್ಲಿಟ್ಟು ಅದರ ಜೆರಾಕ್ಸ್ ಮಾತ್ರ ಜೊತೆಗಿಟ್ಟುಕೊಳ್ಳಲು ಹೇಳಿದರು. ಕೊನೆಗೆ ಒಂದು ಮಾತು ಒತ್ತಿ ಹೇಳಿದರು.

"ಕರೆಯದೆ ಬಂದ ಗೈಡ್ ಹಿಂದೆ ಹೋಗಬೇಡ ವಿನೋದಾ. ಹೆದರಿಕೆಯಾದರೆ ಜನ ಇರುವ ಅಂಗಡಿಯೊಳಗೆ ಹೋಗಿಬಿಡು."

ಸೇಸಪ್ಪ ನಕ್ಕರು. ವಿನೋದಾ ತಾನೇ ಹೋಗಿ ಇನ್ಶೂರೆನ್ಸ್ ಮಾಡಿಸಿದಳು.

ಮೊರಾಕ್ಕೊದ ಫೆಸ್ ಎಂಬ ಊರಿನ ಹಳೆಯ ಪೇಟೆಯಲ್ಲಿ ಯುವಕನೊಬ್ಬ ಹಿಂದಿಯಲ್ಲಿ ನಮಸ್ತೆ ಹೇಳಿ ಜೊತೆಯಾದ. ಮುಂದಿನ ದಾರಿ ಬಂದ್ ಆಗಿದೆ, ಪ್ರವಾಸಿಗರೆಲ್ಲ ನೋಡಲು ಹೋಗುವ ಚರ್ಮ ಹದಮಾಡುವ ಜಾಗಕ್ಕೆ ಒಳದಾರಿ ತೋರಿಸುತ್ತೇನೆ ಎಂದ. ಸೇಸಪ್ಪ ಖುಷಿಯಿಂದ ಹೊರಟೇಬಿಟ್ಟರು. ಗಲ್ಲಿ ಕಿರಿದಾಗುತ್ತ ಹೋಯಿತು. ಅಂಗಡಿಗಳು ಮುಗಿದವು. ಎಲ್ಲಿಂದಲೋ ಇನ್ನಿಬ್ಬರು ಬಂದು ಬೆನ್ನ ಹಿಂದೆ ನಡೆಯತೊಡಗಿದರು. ವಿನೋದಾ ನಿಂತಳು.

"ಇನ್ನು ಮುಂದೆ ಬೇಡ. ತಿರುಗಿ."

"ಎಂತ ಮಾರಾಯ್ತಿ, ಪಾಪ, ಅವನು ಎಂತ ಗ್ರಹಿಸಿಯಾನು?"

"ಗ್ರಹಿಸಲಿ."

ಗಂಡನ ತೋಳು ಹಿಡಿದು, ಆ ಇಬ್ಬರನ್ನು ದಾಟಿ, ಬಂದ ದಾರಿಯಲ್ಲೇ ಬಿರಬಿರನೆ ನಡೆದಳು. ಮೂವರೂ ಬೆನ್ನು ಹತ್ತಿದರು. ತೋರಿಸಿದ ದಾರಿಗೆ ದುಡ್ಡು ಕೊಡಿ ಎಂದು ಯುವಕ ದನಿ ಏರಿಸಿದ. ಇನ್ನೊಬ್ಬ ಸೇಸಪ್ಪನವರ ಬ್ಯಾಗಿನ ಪಟ್ಟಿಗೇ ಕೈ ಹಾಕಿದ. ಅಷ್ಟರಲ್ಲಿ ರೊಟ್ಟಿ ಸುಡುವ ಅಂಗಡಿ ಸಿಕ್ಕಿತು. ವಿನೋದಾ ಗಂಡನನ್ನೂ ಎಳೆದುಕೊಂಡು ಒಳಗೆ ನುಗ್ಗಿದಳು. ಅಂಗಡಿಯ ಮುದುಕಿ ಎದ್ದು ಬಂದು ಬಾಗಿಲಲ್ಲಿ ನಿಂತು ತನ್ನ ಭಾಷೆಯಲ್ಲಿ ಗದರಿದಳು. ಕೊಳ್ಳಲು ಬಂದಿದ್ದವರೂ ದನಿಗೂಡಿಸಿದರು. ಮೂವರೂ ಜಾಗ ಖಾಲಿ ಮಾಡಿದರು.

ಮುದುಕಿ ಇಬ್ಬರನ್ನೂ ಕೂರಿಸಿ ಪುದೀನ ಚಹಾ ಕೊಟ್ಟು, ಹೋಟೆಲಿಗೆ ಫೋನ್ ಮಾಡಿಸಿದಳು. ಹೋಟೆಲಿನವರು ಕಳಿಸಿದ, ಲೈಸೆನ್ಸ್ ಇದ್ದ ಗೈಡ್ ಬರುವವರೆಗೆ ಹೋಗಗೊಡಲಿಲ್ಲ. ಸೇಸಪ್ಪ ಲೋಟ ಕೆಳಗಿಟ್ಟು ಹೆಂಡತಿಯತ್ತ ತಿರುಗಿದರು.

"ನೀನು ನಿಲ್ಲದಿದ್ದರೆ ನಾನು ಹೋಗಿಯೇ ಬಿಡುತ್ತಿದ್ದೆ," ಎಂದರು ಮೆಲ್ಲಗೆ.

ಉಳಿದ ದಿನಗಳಲ್ಲಿ ಅದೇ ಗೈಡ್ ಜೊತೆ ಊರೆಲ್ಲ ಸುತ್ತಿ, ಹೊಟ್ಟೆ ತುಂಬ ನಕ್ಕು ಸಿಡ್ನಿಗೆ ಮರಳಿದರು.

ಮೊರಾಕ್ಕೊ, ಟುನೀಷಿಯಾ, ಈಜಿಪ್ಟ್, ಎಲ್ಲಿಗಾದರೂ ಧೈರ್ಯವಾಗಿ ಹೋಗಿ. ಹೊರಡುವ ಮೊದಲು ಸರ್ಕಾರದ ಪ್ರವಾಸ ಸಲಹೆ ಓದಿ, ಇನ್ಶೂರೆನ್ಸ್ ಮಾಡಿಸಿ, ಎಲ್ಲಿ ಇಳಿದುಕೊಳ್ಳುತ್ತೀರಿ ಎಂದು ಮನೆಯವರಿಗೆ ತಿಳಿಸಿ. ಅಪರಿಚಿತನ ಜೊತೆ ನಡೆಯುವಾಗ ಮನಸ್ಸು ಹಿಂಜರಿದರೆ, ಅವನಿಗೆ ಬೇಜಾರಾದೀತೆಂದು ದಾಕ್ಷಿಣ್ಯಪಡಬೇಡಿ. ಅಲ್ಲೇ ನಿಂತು ತಿರುಗಿ ಬನ್ನಿ.