ಶೋಧನೆ ಎಂಬ ಶಬ್ದ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಶೋಧ ನಿಲ್ಲಿಸಲಾಯಿತು. ಅಂಕಲಿಯ ಹೊಳೆದಂಡೆಯಲ್ಲಿ ರಕ್ಷಣಾ ತಂಡದವರು ರಬ್ಬರ್ ದೋಣಿಯ ಗಾಳಿ ಬಿಟ್ಟು, ಮಡಚಿ, ಗಾಡಿಗೆ ಏರಿಸಿದರು. ಕೃಷ್ಣೆಯ ನೀರು ಮಂಗಳವಾರಕ್ಕಿಂತ ಎರಡು ಅಡಿ ಮೇಲಿತ್ತು. ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಇನ್ನೂ ಬರುವುದಿತ್ತು.

"ನೀರ ಇಳದ ಮ್ಯಾಲ ಮತ್ತ ಬರ್ತೀವ್ರಿ, ಅವ್ವಾರ," ಎಂದ ತಂಡದ ಮುಖ್ಯಸ್ಥ.

"ಇವತ್ತೊಂದ ದಿನ ನೋಡ್ರಿ ಸಾಹೇಬರ. ನಮ್ಮ ಮನಿಯವರು ಸಿಗತಾರ. ನನಗ ಗೊತ್ತೈತಿ," ಎಂದಳು ಅಕ್ಕುತಾಯಿ.

"ಹ್ಯಾಂಗ ಗೊತ್ತರಿ?"

ಅಕ್ಕುತಾಯಿ ಸೆರಗನ್ನು ಎದೆಗೆ ಒತ್ತಿಕೊಂಡಳು. ಉತ್ತರ ಅವಳ ಸೆರಗಿನೊಳಗಿನ ನೋಟಬುಕ್ಕಿನಲ್ಲಿತ್ತು. ಗಾಡಿ ಹೊರಟುಹೋಯಿತು.

ಅವಳ ಗಂಡ ಲಕ್ಷ್ಮಣ ಹೊಲದ ಕೂಲಿ. ಶನಿವಾರ ಬೆಳಿಗ್ಗೆ ಆರೂವರೆಗೆ ಇನ್ನಿಬ್ಬರ ಜೊತೆ ಮಾಲಕನ ನೀರಿನ ಮೋಟರ್ ಎತ್ತಲು ಹೊಳೆಗೆ ಇಳಿದಿದ್ದ. ಪ್ರವಾಹ ಬರುವ ಮೊದಲು ದಂಡೆಯ ಮೋಟರುಗಳನ್ನು ಎತ್ತಿ ಮೇಲಿಡುವುದು ಪ್ರತಿ ಮಳೆಗಾಲದ ಕೆಲಸ. ಹಗ್ಗ ಹರಿಯಿತು. ಇಬ್ಬರು ಜಾಲಿ ಮರ ಹಿಡಿದು ಉಳಿದರು. ಲಕ್ಷ್ಮಣ ಕಾಣಲಿಲ್ಲ. ಭಾನುವಾರ ಅವನ ಟವೆಲ್ ಸಿಕ್ಕಿತು. ಸೋಮವಾರ, ಮಂಗಳವಾರ ಏನೂ ಸಿಗಲಿಲ್ಲ. ಜೀವಂತ ಸಿಗಬೇಕೋ ಹೆಣವಾಗಿಯೋ ಎಂಬುದನ್ನು ಅಕ್ಕುತಾಯಿ ತನ್ನನ್ನೇ ಕೇಳಿಕೊಂಡಿರಲಿಲ್ಲ. ಸಿಗಬೇಕು, ಅಷ್ಟೆ. ನೀರಿಗೆ ಬಿಟ್ಟು ಮನೆಗೆ ಹೋಗುವುದು ಹೇಗೆ?

ನೋಟಬುಕ್ಕಿನ ಸಂಗತಿ ಹೀಗೆ. ಅಕ್ಕುತಾಯಿಯ ತವರು ಬೇಡಕಿಹಾಳ. ಮರಾಠಿ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದ್ದಳು. ಮದುವೆಯಾಗಿ ಅಂಕಲಿಗೆ ಬಂದ ಮೇಲೆ ಕನ್ನಡ ಮಾತು ಬಾಯಿಗೆ ಬಂತು, ಅಕ್ಷರ ಮಾತ್ರ ಬಂದಿರಲಿಲ್ಲ. ಅಕ್ಷರ ಕಲಿತದ್ದು ನಲವತ್ತೊಂದನೇ ವಯಸ್ಸಿನಲ್ಲಿ, ಓಣಿಯ ತಾರವ್ವನ ಮನೆಯಲ್ಲಿ. ತಾರವ್ವ ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಓಣಿಗೆಲ್ಲ 'ಅಕ್ಕೋರು'. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಅವಳ ಪಡಸಾಲೆಯಲ್ಲಿ ಐದಾರು ಹೆಂಗಸರು ಕೂತು ಬೈಬಲ್ ಓದುತ್ತಿದ್ದರು. ಅವರಲ್ಲೊಬ್ಬಳನ್ನು ಕಳೆ ಕೀಳಲು ಬರುತ್ತೀಯಾ ಎಂದು ಕೇಳಲು ಹೋದ ಅಕ್ಕುತಾಯಿ ಒಂದು ಗುರುವಾರ ಹೊಸ್ತಿಲ ಬಳಿ ನಿಂತಳು. ಮುಂದಿನ ಗುರುವಾರ ಒಳಗೆ ಕೂತಳು.

ಬೆರಳಿಟ್ಟು ಓದುತ್ತಿದ್ದಳು. ಒಂದು ಸಾಲು ಬಿಡಿಸಲು ಕಾಲು ಗಂಟೆ. ಬಿಡಿಸಿದ ಮೇಲೆ ಅದೇ ಸಾಲನ್ನು ಎರಡನೇ ಸಲ ಸರಾಗವಾಗಿ ಓದುವಾಗ ಅವಳ ಮುಖ ಹಬ್ಬದ ದಿನ ಎಣ್ಣೆ ಹಚ್ಚಿಕೊಂಡವರ ಮುಖದ ಹಾಗೆ ಹೊಳೆಯುತ್ತಿತ್ತು. ಮನೆಗೆ ಬಂದು ಗಂಡನಿಗೆ ಹೇಳುತ್ತಿದ್ದಳು. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು. ಅದನ್ನು ತೆಗೆ ಎಂದು ಅವಳು ಅನ್ನಲಿಲ್ಲ, ಪುಸ್ತಕ ಬಿಡು ಎಂದು ಅವನೂ ಅನ್ನಲಿಲ್ಲ. "ಏನಂತೈತ್ಬೇ ಇವತ್ತ ನಿನ್ನ ಪುಸ್ತಕ?" ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದ. "ಸಿಟ್ಟ ಬ್ಯಾಡ ಅಂತೈತಿ," ಎಂದರೆ, "ಹಂಗಾರ ಪಲ್ಲೆಕ್ಕ ಉಪ್ಪ ಕಡಿಮಿ ಐತಿ ಅಂತ ನಾ ಹೇಳೂದಿಲ್ಲ ಬಿಡು," ಎನ್ನುತ್ತಿದ್ದ. ಅವಳ ಸಿಟ್ಟು ನಿಜಕ್ಕೂ ಕಡಿಮೆಯಾಗಿತ್ತು. ಮಗಳು ಶುಭಾಂಗಿ ಚಿಕ್ಕೋಡಿಯ ಕಾಲೇಜಿನಿಂದ ತಡವಾಗಿ ಬಂದರೂ ಮೊದಲಿನಂತೆ ಕೈ ಎತ್ತುತ್ತಿರಲಿಲ್ಲ.

ತಿಳಿಯದ ಶಬ್ದ ಬಂದರೆ ಮರಾಠಿಯಲ್ಲಿ ಹುಡುಕುವುದು ಅವಳ ರೂಢಿ. ಹತ್ತರಲ್ಲಿ ಎಂಟು ಸಲ ಸಿಗುತ್ತಿತ್ತು. ಒಮ್ಮೆ ಮೋಸ ಹೋಗಿದ್ದಳು. ಮೂರನೇ ದಿನ ಸಮಾಧಿ ಖಾಲಿ ಇತ್ತು ಎಂದು ತಾರವ್ವ ವಿವರಿಸುವಾಗ, "ಸಮಾಧಿ ಖಾಲಿನ ಇರತೈತಲ್ರಿ ಅಕ್ಕೋರ, ಮ್ಯಾಲ ಯಾರ ಕಟ್ತಾರ?" ಎಂದಿದ್ದಳು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಓಣಿ ಒಂದು ವಾರ ನಕ್ಕಿತ್ತು.

ಲಕ್ಷ್ಮಣ ಕಾಣೆಯಾದ ಮರುದಿನ ದಂಡೆಯಲ್ಲಿ ಕೂತು ಅವಳು ಬರುವ ಗುರುವಾರದ ಪಾಠ ತೆರೆದಳು. ಪುಟದಲ್ಲಿ 'ಶೋಧನೆ' ಎಂಬ ಶಬ್ದವಿತ್ತು. ಅದೇ ಸಾಲಿನಲ್ಲಿ ಸಂತೋಷ ಎಂಬ ಶಬ್ದವೂ ಇತ್ತು. ಮರಾಠಿಯಲ್ಲಿ ಶೋಧಣೆ ಎಂದರೆ ಹುಡುಕುವುದು. ಅಧಿಕಾರಿ, ಪೊಲೀಸರು, ಕ್ಯಾಮೆರಾ ಹಿಡಿದು ಬಂದವರು, ಎಲ್ಲರ ಬಾಯಲ್ಲೂ ಆ ದಿನ ಶೋಧ, ಶೋಧ ಎಂಬುದೇ ಮಾತು. ಹುಡುಕಾಟದಲ್ಲಿ ಬಿದ್ದವರು ಸಂತೋಷಪಡಬೇಕು ಎಂದು ಪುಸ್ತಕ ಹೇಳುತ್ತಿದೆ. ಸಿಗುವುದಿಲ್ಲವಾದರೆ ಹಾಗೇಕೆ ಹೇಳುತ್ತಿತ್ತು? ಸಾಲನ್ನು ನೋಟಬುಕ್ಕಿನಲ್ಲಿ ಮೂರು ಸಲ ಬರೆದುಕೊಂಡಳು. ಆಮೇಲೆ ಮೂರು ದಿನ ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ.

ಬುಧವಾರ ಗಾಡಿ ಹೋದ ಮೇಲೆ ಅಕ್ಕುತಾಯಿ ನೇರವಾಗಿ ಮಹಮ್ಮದನ ಬಳಿ ಹೋದಳು. ಮಹಮ್ಮದ ಮೀನು ಹಿಡಿಯುವವನು, ಬೇಸಿಗೆಯಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವವನು. ಇಂಜಿನ್ ಕೂರಿಸಿದ ಸಣ್ಣ ದೋಣಿ ಇತ್ತು. ನಾಲ್ಕು ದಿನ ತಂಡಕ್ಕೆ ದಾರಿ ತೋರಿಸಿದ್ದವನೂ ಅವನೇ.

"ಮಹಮ್ಮದಣ್ಣಾ, ನೀ ಬಾ."

"ತಂಗೀ, ಅವರ ಬೋಟನ ನಿಲ್ಲಲಿಲ್ಲ. ನಂದ ಡಬ್ಬಿ ಐತಿ."

ಅವಳು ನೋಟಬುಕ್ ತೆರೆದು ಬೆರಳಿಟ್ಟು ಓದಿದಳು. "ಇದರಾಗ ಬರದೈತಿ. ಹುಡುಕಾವ್ರಿಗಿ ಸಂತೋಷ ಆಗತೈತಿ ಅಂತ."

ಮಹಮ್ಮದ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡ. ಅವನಿಗೆ ಓದು ಬರದು. ಆದರೆ ಬೈಬಲ್ಲೆಂದರೆ ಅವನಿಗೆ ಈಸಾ ಪೈಗಂಬರರ ಕಿತಾಬು, ಅದರ ಮಾತನ್ನು ತಳ್ಳಿಹಾಕುವ ಮನುಷ್ಯನಲ್ಲ. "ಕಿತಾಬಿನಾಗ ಬರದೈತಂದ್ರ ನಡಿ," ಎಂದ.

ಹನ್ನೊಂದೂಕಾಲಕ್ಕೆ ಹೊರಟರು. ಒಂದೇ ಲೈಫ್ ಜಾಕೆಟ್ ಇತ್ತು. ಅದನ್ನು ಅವಳಿಗೆ ಹಾಕಿಸಿದ. ಮುಳುಗಿದ ಕಬ್ಬಿನ ಗದ್ದೆಗಳ ಅಂಚು ಹಿಡಿದು ಕೆಳಗೆ ಸಾಗಿದರು. ಕಬ್ಬಿನ ಸುಳಿಗಳಷ್ಟೇ ನೀರಿನ ಮೇಲೆ ಕಾಣುತ್ತಿದ್ದವು. ಅಕ್ಕುತಾಯಿ ಗಂಡನ ಹೆಸರು ಹಿಡಿದು ಎಂದೂ ಕರೆದವಳಲ್ಲ. ಅಂದು ಕರೆದಳು. ಹನ್ನೆರಡು ಗಂಟೆಯ ಸುಮಾರಿಗೆ ಇಂಜಿನಿನ ರೆಕ್ಕೆಗೆ ನೀರಡಿಯಲ್ಲಿದ್ದ ಡ್ರಿಪ್ ಪೈಪು ಸುತ್ತಿಕೊಂಡಿತು. ಇಂಜಿನ್ ನಿಂತಿತು. ದೋಣಿ ಅಡ್ಡ ತಿರುಗಿ ವಿದ್ಯುತ್ ಕಂಬಕ್ಕೆ ಬಡಿಯಿತು. ತಡೆಯಲು ಕೈ ಚಾಚಿದ ಮಹಮ್ಮದನ ಎಡಗೈ ದೋಣಿಗೂ ಕಂಬಕ್ಕೂ ನಡುವೆ ಸಿಕ್ಕಿತು. ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಅವನು ಬಲಗೈಯಿಂದ ಕಂಬವನ್ನು ಅಪ್ಪಿಕೊಂಡ. ಅವಳು ಅವನ ನಡುಪಟ್ಟಿ ಹಿಡಿದುಕೊಂಡಳು. ಬೇರೆ ಮೀನುಗಾರರು ಹಗ್ಗ ತಂದು ಎಳೆದುಕೊಳ್ಳುವ ಹೊತ್ತಿಗೆ ಒಂದು ಗಂಟೆ ಐವತ್ತು ನಿಮಿಷ.

ದಂಡೆಯಲ್ಲಿ ಮಹಮ್ಮದನ ಹೆಂಡತಿ ಕುಲಸುಂಬಿ ನಿಂತಿದ್ದಳು.

"ನಿನ್ನ ಗಂಡ ಹೋಗ್ಯಾನಂತ ನನ್ನ ಗಂಡನ್ನೂ ನೀರಿಗಿ ಹಾಕಾಕ ಬಂದೀ ಏನ?" ಎಂದು ಕೂಗಿದಳು. "ಜೋಡಿ ಬೇಕಾಗೇತೇನ ನಿನಗ? ಇಬ್ಬರೂ ರಂಡೇರಾಗಿ ಕೂಡೂಣೇನ ಇಲ್ಲೆ?"

"ಕುಲಸುಂ, ಬಾಯಿ ಮುಚ್ಚ," ಎಂದ ಮಹಮ್ಮದ. ಮುಖ ಬೂದಿಯಂತಾಗಿತ್ತು. ಅಕ್ಕುತಾಯಿಯ ಕಡೆ ತಿರುಗಿದ. "ತಂಗೀ, ನಾಳಿ ಮುಂಜಾನೆ ಇಂಜಿನ್ ಸರಿ ಮಾಡಸ್ತೀನಿ. ಒಂದ ಕೈಲೆ ಹೊಡೀತೀನಿ. ಬರದೈತಂದಿ, ಸಿಗತಾನ."

ಅವನನ್ನು ಮೋಟರ್‌ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಚಿಕ್ಕೋಡಿಗೆ ಕರೆದೊಯ್ದರು. ಕುಲಸುಂಬಿ ಹಿಂದೆ ಇನ್ನೊಂದು ಗಾಡಿಯಲ್ಲಿ ಹೋದಳು. ಅಕ್ಕುತಾಯಿ ಒದ್ದೆ ಸೀರೆಯಲ್ಲೇ ತಾರವ್ವನ ಮನೆಗೆ ನಡೆದಳು. ಶುಭಾಂಗಿ ಅಲ್ಲೇ ಇದ್ದಳು. ತಾಯಿಯನ್ನು ನೋಡಿ ಒಣ ಸೀರೆ ತರಲು ಎದ್ದಳು.

"ಅಕ್ಕೋರ, ನಾಳಿ ಮಹಮ್ಮದಣ್ಣ ಮತ್ತ ಬರ್ತೀನಂದಾನ. ನೀವ ಪ್ರಾರ್ಥನೆ ಮಾಡ್ರಿ. ಶೋಧನೆ ನಿಲ್ಲಬಾರದು," ಎಂದು ನೋಟಬುಕ್ ಮುಂದಿಟ್ಟಳು.

ತಾರವ್ವ ಕನ್ನಡಕ ಹಾಕಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಕನ್ನಡಕ ತೆಗೆದಳು.

"ಅಕ್ಕೂ, ಇದನ್ನ ಹುಡಕೂದು ಅಂತ ತಿಳಕೊಂಡಿಯೇನ ಬೇ?"

"ಮತ್ತೇನ್ರಿ?"

ತಾರವ್ವ ನೋಟಬುಕ್ಕನ್ನು ಅವಳ ಕಡೆ ತಿರುಗಿಸಿದಳು. ಶುಭಾಂಗಿ ಸೀರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇದು ಹುಡಕೂದಲ್ಲ. ಪರೀಕ್ಷಾ. ಮನಷ್ಯಾನ್ನ ಕಷ್ಟದಾಗ ಇಟ್ಟ ನೋಡೂದು. ನಾವು ಚಾ ಸೋಸ್ತೀವಲ್ಲ, ಹಂಗ ಸೋಸೂದು. ಅವರು ಸಿಗತಾರಂತ ಇದರಾಗ ಎಲ್ಲೂ ಬರದಿಲ್ಲ ಬೇ."

ಅಕ್ಕುತಾಯಿ ನೋಟಬುಕ್ಕಿನ ಮೇಲೆ ಬೆರಳಿಟ್ಟಳು. ಅಕ್ಷರಗಳು ಅವೇ ಇದ್ದವು.

"ಎಲ್ಲೂ?"

"ಎಲ್ಲೂ."

"ಮತ್ತ ಸಂತೋಷ ಅಂತ ಯಾಕ ಬರದಾರ? ಗಂಡ ಹೊಳಿಯಾಗಿರೂ ಹೊತ್ನ್ಯಾಗ ಯಾವ ಸಂತೋಷರಿ?" ಅವಳ ದನಿ ಏರಿತು. "ಸೋಸಿದ ಮ್ಯಾಲ ಉಳಿಯೂದೇನ್ರಿ ಅಕ್ಕೋರ? ಚರಟ. ನಾ ಚರಟೇನ್ರಿ?"

ತಾರವ್ವ ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿದವಳು. "ನನಗ ಗೊತ್ತಿಲ್ಲ ಅಕ್ಕೂ," ಎಂದಳು. "ಓದೇನಿ, ಗೊತ್ತಾಗಿಲ್ಲ."

ಐದು ದಿನದ ಅಳು ಆಗ ಬಂತು. ಗೋಡೆಗೆ ತಲೆ ಹಚ್ಚಿ ಅತ್ತಳು. ಪುಸ್ತಕವನ್ನು ಬೈದಳು, ಮಾಲಕನನ್ನು ಬೈದಳು, ಹರಿದ ಹಗ್ಗವನ್ನು ಬೈದಳು, ಕೊನೆಗೆ ತನ್ನ ನಾಲ್ಕನೇ ಇಯತ್ತೆಯನ್ನು ಬೈದಳು. ಅಳು ನಿಂತಾಗ ಅವಳಿಗೆ ಎರಡು ಸಂಗತಿ ಸ್ಪಷ್ಟವಾಗಿ ಕಂಡವು. ಸುಮ್ಮನಿದ್ದರೆ ಮಹಮ್ಮದ ನಾಳೆ ದೋಣಿ ಇಳಿಸುತ್ತಾನೆ. ಲಕ್ಷ್ಮಣ ಸಿಕ್ಕರೂ ಸಿಗಬಹುದು. ಬಾಯಿ ಬಿಟ್ಟರೆ ಹುಡುಕುವವರು ಇನ್ನು ಯಾರೂ ಇಲ್ಲ.

"ಅವ್ವಾ, ಸೀರಿ ಬದಲ ಮಾಡು," ಎಂದಳು ಶುಭಾಂಗಿ.

ಸೀರೆ ಬದಲಿಸಿದಳು. ಸಂಜೆ ಐದೂವರೆಗೆ ಮಹಮ್ಮದನ ಮನೆಯ ಬಾಗಿಲಲ್ಲಿ ನಿಂತಳು. ಅವನ ಕೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದರು. ಕುಲಸುಂಬಿ ಒಲೆಯ ಮುಂದಿದ್ದಳು, ತಿರುಗಿ ನೋಡಲಿಲ್ಲ.

"ಅಣ್ಣಾ, ನಾಳಿ ಬ್ಯಾಡ."

"ಯಾಕ? ಮೆಕ್ಯಾನಿಕ್ ಸುರಜನ ಕಡೆ ಇಂಜಿನ್ ಕೊಟ್ಟೀನಿ. ಮುಂಜಾನಿಗಿ ಆಗತೈತಿ ಅಂದಾನ."

"ಕಿತಾಬಿನಾಗ ಬರದಿಲ್ಲ." ಬಾಗಿಲ ಚೌಕಟ್ಟು ಹಿಡಿದುಕೊಂಡು ಮುಂದುವರಿಸಿದಳು. "ನಾ ತಪ್ಪ ಓದಿದ್ನಿ. ಶೋಧನೆ ಅಂದ್ರ ಹುಡಕೂದಲ್ಲಂತ. ಮರಾಠಿ ಅಂತ ತಿಳದ ಓದಿದ್ನಿ. ನಿನ್ನ ಕೈ ನನ್ನಿಂದ ಮುರೀತು. ಸಿಗತಾರಂತ ದೇವರು ಹೇಳಿಲ್ಲ, ನಾ ಹೇಳೀನಿ."

ಒಲೆಯ ಮೇಲೆ ಚಹಾ ಉಕ್ಕಿ ಬಂತು. ಕುಲಸುಂಬಿ ಪಾತ್ರೆ ಇಳಿಸಿ ಈಗ ತಿರುಗಿದಳು.

"ಖಾಲಿ ಸಮಾಧಿ ಆಗಿತ್ತಲ್ಲ, ಹಂಗ?"

"ಹೂಂ. ಹಂಗ."

ಕುಲಸುಂಬಿಯ ಬಾಯಿಂದ ನಗು ಸಿಡಿಯಿತು. ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. "ಯಾ ಅಲ್ಲಾ, ಇಂಥಾ ಮಾಸ್ತರೀಣಿನ್ನ ನಂಬಿ ಹ್ವಾದ್ಯಲ್ಲ ನೀ," ಎಂದು ಗಂಡನನ್ನು ಅಂದಳು. ಮಹಮ್ಮದನೂ ನಕ್ಕ, ಕೈ ನೋವಿಗೆ ಮುಖ ಕಿವುಚಿದ. ಅಕ್ಕುತಾಯಿಗೆ ತನ್ನ ಗಂಟಲಿನಿಂದಲೂ ನಗು ಬಂದದ್ದು ಕೇಳಿಸಿತು. ಗಾಬರಿಯಾಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡ ನೀರಿನಲ್ಲಿದ್ದಾನೆ, ಅವಳು ನಗುತ್ತಿದ್ದಾಳೆ. ಆದರೆ ಸುಳ್ಳಿನ ಭಾರವೊಂದು ಇಳಿದಿತ್ತು. ಹೊಸ ಸಾಲೊಂದನ್ನು ಎರಡನೇ ಸಲ ಸರಾಗವಾಗಿ ಓದಿದಾಗ ಎದೆ ಹಗುರಾಗುತ್ತಿತ್ತಲ್ಲ, ಅಂಥದೇ ಏನೋ ಒಂದು, ಅಳುವಿನ ಅಡಿಯಲ್ಲಿ, ಇತ್ತು. ಅದಕ್ಕೆ ಏನು ಹೆಸರಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಈ ಸಲ ಮರಾಠಿಯಲ್ಲಿ ಹುಡುಕಲಿಲ್ಲ.

"ಒಳಗ ಬಾ. ಬಾಗಲದಾಗ ನಿಂದರಬ್ಯಾಡ," ಎಂದಳು ಕುಲಸುಂಬಿ. ಚಹಾ ಸೋಸಿದಳು. ಚರಟವನ್ನು ಬಾಗಿಲ ಪಕ್ಕದ ತುಳಸಿಯಷ್ಟೆತ್ತರದ ಗುಲಾಬಿ ಗಿಡದ ಬುಡಕ್ಕೆ ಹಾಕಿ ಬಂದಳು. ಅಕ್ಕುತಾಯಿ ಅದನ್ನು ನೋಡುತ್ತ ಕೂತಳು. ಶನಿವಾರದ ನಂತರ, ನೀರು ಬಿಟ್ಟರೆ, ಅವಳ ಹೊಟ್ಟೆಗೆ ಹೋದ ಮೊದಲ ಪದಾರ್ಥ ಆ ಚಹಾ.

ಮರುದಿನ, ಗುರುವಾರ, ಹೊಳೆಗೆ ಯಾರೂ ಇಳಿಯಲಿಲ್ಲ. ಮಧ್ಯಾಹ್ನ ಮೂರಕ್ಕೆ ತಾರವ್ವನ ಪಡಸಾಲೆಯಲ್ಲಿ ಓದು ನಡೆಯಿತು. ಬ್ಯಾಡ ಬಿಡು ಎಂದು ಎಲ್ಲರೂ ಅಂದರೂ ಅಕ್ಕುತಾಯಿ ತನ್ನ ಸರದಿ ಬಿಡಲಿಲ್ಲ. ಆ ಸಾಲಿಗೆ ಬಂದಾಗ ದನಿ ನಿಂತಿತು. ಹೆಂಗಸರು ಕಾಯ್ದರು. ಅವಳು ಬೆರಳು ಎತ್ತದೆ ಕೊನೆಯವರೆಗೂ ಓದಿದಳು.

ಶನಿವಾರದಿಂದ ನೀರು ಇಳಿಯತೊಡಗಿತು. ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಮೋಟರ್ ಇದ್ದ ಜಾಗದಿಂದ ಸುಮಾರು ಇನ್ನೂರು ಮೀಟರ್ ದೂರದಲ್ಲಿ, ಕೆಸರು ಮೆತ್ತಿದ ಕಬ್ಬಿನ ಗದ್ದೆಯಲ್ಲಿ ಲಕ್ಷ್ಮಣನ ಶವ ಸಿಕ್ಕಿತು. ದೋಣಿ ಬೇಕಾಗಲಿಲ್ಲ. ನಾಲ್ವರು ಹೊತ್ತು ತಂದರು. ನಾಲ್ಕನೆಯವನು ಮಹಮ್ಮದ; ಬಲ ಹೆಗಲು ಕೊಟ್ಟಿದ್ದ.